ಕೇದಾರದ ದಾರಿಯಲ್ಲಿ ಕಾದು ಕೂತವಳು

ಅತ್ತಿಗುಪ್ಪೆ, ಬೆಂಗಳೂರು – 40
ಭಾನುವಾರ, 22 ಜೂನ್ 1986

ನನ್ನ ಮುದ್ದಿನ ಗಿರಿಜಾ,

ನೀನು, ಅಳಿಯಂದಿರು, ಪುಟ್ಟಿ ಎಲ್ಲರೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಭಿಲಾಯಿಯಲ್ಲಿ ಈಗಲಾದರೂ ಒಂದು ಮಳೆ ಬಿತ್ತೇ? ಪುಟ್ಟಿಗೆ ಮೈಯೆಲ್ಲ ಬೆವರುಸಾಲೆ ಎದ್ದಿದೆ ಎಂದು ಬರೆದಿದ್ದೆ. ಪೌಡರ್ ಸುರಿಯಬೇಡ, ಕಡಲೆಹಿಟ್ಟಿಗೆ ಚೂರು ಮೊಸರು ಕಲಸಿ ಹಚ್ಚಿ ತಣ್ಣೀರಿನಲ್ಲಿ ತೊಳೆ. ಹಲ್ಲು ಬರುವಾಗ ಹೊಟ್ಟೆ ಕೆಡುವುದು ಇದ್ದದ್ದೇ, ನಿನಗೂ ಹಾಗೇ ಆಗಿತ್ತು. ಅಳಿಯಂದಿರಿಗೆ ನೈಟ್ ಶಿಫ್ಟ್ ಮುಗಿಯಿತೇ? ಹಗಲು ನಿದ್ದೆ ಮಾಡುವವರ ಊಟದ ಮೇಲೆ ಒಂದು ಕಣ್ಣಿಟ್ಟಿರಬೇಕು. ಇಲ್ಲಿ ನಿನ್ನ ಅಪ್ಪ ಚೆನ್ನಾಗಿದ್ದಾರೆ. ಮಂಡಿನೋವು ಎನ್ನುತ್ತಲೇ ದಿನಾ ವಿಜಯನಗರದ ಲೈಬ್ರರಿಯವರೆಗೆ ನಡೆದು ಪೇಪರ್ ಓದಿ ಬರುತ್ತಾರೆ. ನಮ್ಮ ಶಿಶುವಿಹಾರವೂ ಶುರುವಾಯಿತು. ಈ ವರ್ಷ ಮೂವತ್ತೊಂದು ಮಕ್ಕಳು, ಅವರಲ್ಲಿ ಅಳುವವರೇ ಜಾಸ್ತಿ.

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಎರಡು ಸಲ ಉತ್ತರ ಬರೆಯಲು ಕೂತು ಹರಿದು ಹಾಕಿದೆ. ನಮ್ಮಮ್ಮ ಕೇದಾರದ ಬೆಟ್ಟವನ್ನು ಕುದುರೆ ಗಿದುರೆ ಇಲ್ಲದೆ ನಡೆದೇ ಹತ್ತಿದಳು ಎಂದು ಕ್ವಾರ್ಟರ್ಸಿನಲ್ಲೆಲ್ಲ ಹೇಳಿಕೊಂಡು ಬಂದಿದ್ದೀಯಂತೆ. ಪಕ್ಕದ ಮನೆಯವರಿಗೂ ತೀರ್ಥ ಬೇಕಂತೆ. ಓದುತ್ತಾ ನಿನ್ನ ಮುಖವೇ ಕಣ್ಣೆದುರು ಬಂದು ನನಗೆ ಎಲ್ಲಿ ಅಡಗಿಕೊಳ್ಳಲಿ ಎನ್ನಿಸಿಬಿಟ್ಟಿತು. ತೀರ್ಥದ ಬಾಟಲಿ ದೇವರ ಗೂಡಿನಲ್ಲಿದೆ. ಆದರೆ ಅದನ್ನು ಕಳಿಸುವ ಮುಂಚೆ ನಡೆದದ್ದನ್ನು ನಿನಗೆ ಹೇಳಿಬಿಡಬೇಕು. ಓದಿದ ಮೇಲೂ ಬೇಕೆನ್ನಿಸಿದರೆ ಬರೆ, ಕಳಿಸುತ್ತೇನೆ. ಇದನ್ನು ಅಳಿಯಂದಿರ ಎದುರಿಗೆ ಗಟ್ಟಿಯಾಗಿ ಓದಬೇಡ ಮಗಳೇ. ಅವರು ನನ್ನನ್ನು ದೊಡ್ಡ ಮನುಷ್ಯಳು ಎಂದುಕೊಂಡಿದ್ದಾರೆ.

ಪಕ್ಕದ ಮನೆಯ ನಿನ್ನ ನರಸಮ್ಮ ದೊಡ್ಡಮ್ಮನ ವಿಷಯ ಇದು. ನಿನ್ನನ್ನು ಹೆತ್ತ ಮೇಲೆ ನಾನು ಜ್ವರ ಹತ್ತಿ ಮೂರು ತಿಂಗಳು ಪ್ರಜ್ಞೆಯಿಲ್ಲದವಳ ಹಾಗೆ ಮಲಗಿದ್ದಾಗ, ತನ್ನ ಮಗ ಚಿಕ್ಕಣ್ಣನನ್ನು ಒಂದು ತೊಡೆಯ ಮೇಲೆ, ನಿನ್ನನ್ನು ಇನ್ನೊಂದು ತೊಡೆಯ ಮೇಲೆ ಹಾಕಿಕೊಂಡು ಇಬ್ಬರಿಗೂ ಹಾಲು ಕೊಟ್ಟವಳು ಅವಳು. ನಿನಗೆ ಗೊತ್ತಿರುವುದನ್ನೇ ಯಾಕೆ ಬರೆಯುತ್ತಿದ್ದೇನೆಂದರೆ, ಈ ಕಾಗದದಲ್ಲಿ ಅವಳ ಹೆಸರು ಬಂದಲ್ಲೆಲ್ಲ ನೀನು ಅದನ್ನು ನೆನಪಿಟ್ಟುಕೊಂಡೇ ಓದಬೇಕು. ಅವಳಿಗೆ ಈ ಯಾತ್ರೆ ಬೇಕಾಗಿಯೇ ಇರಲಿಲ್ಲ. ವಿಜಯನಗರದ ಭಜನಾ ಮಂಡಳಿಯವರು ಕೇದಾರಕ್ಕೆ ಹೊರಟಿದ್ದಾರೆ ಎಂದು ಆಸೆಪಟ್ಟವಳು ನಾನು. ನಿನ್ನ ಅಪ್ಪ, ‘ಒಬ್ಳೇ ಕಳಿಸಲ್ಲ, ನರಸಮ್ಮ ಬರೋದಾದ್ರೆ ಹೋಗು’ ಎಂದರು. ನಾನು ಹಿತ್ತಲ ಬೇಲಿಯ ಹತ್ತಿರ ನಿಂತು ಅವಳನ್ನು ಕಾಡಿದೆ. ಅವಳು ಹಸುವಿನ ಕೆಚ್ಚಲು ತೊಳೆಯುತ್ತಾ ನಕ್ಕಳು. ‘ನಂಗ್ಯಾವ ಕೇದಾರ ಕಣೇ, ಈ ಎರಡು ಹಸಾನೇ ಸಾಕಾಗ್ಯದೆ. ನಿನಗೋಸ್ಕರ ಬತ್ತೀನಿ ನಡಿ’ ಎಂದಳು. ನಾಯಂಡಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ ಓಡಿಸುವ ಚಿಕ್ಕಣ್ಣ, ಆ ತಿಂಗಳು ಹಾಲು ಕರೆಯುವ ಕೆಲಸವನ್ನೂ ಒಪ್ಪಿಕೊಂಡು ಅವಳನ್ನು ಕಳಿಸಿದ.

ಹೊರಡುವ ಮುಂಚೆ ಎರಡು ತಿಂಗಳು ನಾವಿಬ್ಬರೂ ಬೆಳಿಗ್ಗೆ ಎದ್ದು ಜ್ಞಾನಭಾರತಿಯವರೆಗೆ ನಡೆದು ಬರುತ್ತಿದ್ದೆವು. ನನ್ನ ಕಾಲಿಗೆ ನಿನ್ನ ಹಳೆಯ ಪಿ.ಟಿ. ಶೂಸು, ಅವಳ ಕಾಲಿಗೆ ಚಿಕ್ಕಣ್ಣನದು. ಸೀರೆ ಎತ್ತಿ ಕಟ್ಟಿ ಬಿಳಿ ಶೂಸು ಹಾಕಿದ ನಮ್ಮನ್ನು ನೋಡಿ ಯೂನಿವರ್ಸಿಟಿಯ ಹುಡುಗರು ನಗುತ್ತಿದ್ದರು, ನಾವೂ ನಗುತ್ತಿದ್ದೆವು. ಆಗೆಲ್ಲ ಮುಂದೆ ಹೋಗುತ್ತಿದ್ದವಳು ಅವಳು, ಏದುಸಿರು ಬಿಡುತ್ತಾ ಹಿಂದೆ ಉಳಿಯುತ್ತಿದ್ದವಳು ನಾನು. ಬೆಟ್ಟದಲ್ಲಿ ನನಗೇನಾದರೂ ಆದರೆ ಎಂದು ಒಂದು ದಿನ ಕೇಳಿದೆ. ‘ಆದ್ರೆ ಏನು? ನಾನೂ ನಿನ್ ಪಕ್ಕದಾಗೆ ಕುಂತ್ಕತೀನಿ. ದೇವ್ರು ಎಲ್ಲೂ ಓಡೋಗಾಕಿಲ್ಲ’ ಎಂದಳು. ಹಾಗೆಂದಾಗ ಅವಳು ನನ್ನ ಮುಖವನ್ನೂ ನೋಡಲಿಲ್ಲ, ಅಷ್ಟು ಸಲೀಸಾಗಿ ಹೇಳಿದಳು.

ಬೆಟ್ಟ ಹತ್ತಿದ್ದು ಮೇ ಇಪ್ಪತ್ತನಾಲ್ಕು, ಶನಿವಾರ. ಬುಡದಲ್ಲಿ ಗೌರೀಕುಂಡ ಎಂಬ ಊರು. ಅಲ್ಲಿಂದ ಮೇಲಕ್ಕೆ ಹದಿನಾಲ್ಕು ಕಿಲೋಮೀಟರ್ ದಾರಿ. ಛತ್ರದಲ್ಲಿ ಗಂಟುಮೂಟೆ ಇಟ್ಟು, ಕೈಗೊಂದು ಕೋಲು ಹಿಡಿದು ಬೆಳಿಗ್ಗೆ ಐದಕ್ಕೇ ಹೊರಟೆವು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕೆಳಗೆ ಮಂದಾಕಿನಿಯ ಮೊರೆತ, ಕಾಲಡಿಯಲ್ಲಿ ಕುದುರೆ ಲದ್ದಿಯ ಕೆಸರು. ಮೊದಲ ಒಂದು ಗಂಟೆ ಅವಳೇ ನನ್ನ ಕೈಹಿಡಿದು ನಡೆಸಿದಳು. ಆಮೇಲೆ ಅದೇನಾಯಿತೋ, ಅವಳ ಉಸಿರು ಕಟ್ಟತೊಡಗಿತು. ಹತ್ತು ಹೆಜ್ಜೆಗೊಮ್ಮೆ ನಿಲ್ಲುವಳು. ತುಟಿ ನೇರಳೆ ಹಣ್ಣು ತಿಂದವರ ಹಾಗೆ ಕಂದಿತು. ಹಿಮ್ಮಡಿಗೆ ಶೂಸು ಕಚ್ಚಿ ಗಾಯವೂ ಆಗಿತ್ತು. ಕುದುರೆ ಹತ್ತಿಸೋಣವೆಂದರೆ ಹೆದರಿ ಕೂಗಿಕೊಂಡಳು. ಅರ್ಧ ದಾರಿಯಲ್ಲಿ ರಾಮಬಾಡ ಎಂಬ ಕಡೆ ಸಾಲಾಗಿ ಚಹಾ ಅಂಗಡಿಗಳಿವೆ. ಅಲ್ಲಿಗೆ ಬರುವಷ್ಟರಲ್ಲಿ ಒಂಬತ್ತೂವರೆಯಾಗಿತ್ತು. ಒಂದು ಅಂಗಡಿಯ ಮುಂದಿನ ಬೆಂಚಿನ ಮೇಲೆ ಮಲಗಿಬಿಟ್ಟಳು.

ನಮ್ಮನ್ನೆಲ್ಲ ಕರೆದೊಯ್ದಿದ್ದ ವೆಂಕಟಗಿರಿ ಮೇಷ್ಟ್ರು ಗಡಿಯಾರ ನೋಡಿಕೊಂಡು, ‘ಇವ್ರು ಹತ್ತೋ ಹಾಗಿಲ್ಲ. ಯಾರಾದ್ರೂ ಒಬ್ರು ಇಲ್ಲೇ ಇರಿ, ಸಂಜೆ ಇಳಿಯೋವಾಗ ಒಟ್ಟಿಗೇ ಹೋಗೋಣ’ ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ನೋಡದೆ ಇನ್ನೇನು? ನಾನು ತಲೆ ತಗ್ಗಿಸಿ ಶೂಸಿನ ದಾರ ಬಿಗಿ ಮಾಡಿದೆ. ನರಸಮ್ಮ ನನ್ನ ಶಾಲಿನ ಅಂಚು ಹಿಡಿದುಕೊಂಡು, ‘ಇಂದ್ರಾ, ನನ್ನೊಬ್ಳನ್ನೇ ಬಿಟ್ಟೋಗ್ಬ್ಯಾಡ ಕಣೇ. ಇವ್ರ ಮಾತು ನಂಗೆ ಒಂದೂ ತಿಳಿಯಾಕಿಲ್ಲ’ ಎಂದಳು. ಗಿರಿಜಾ, ಅವಳು ಜನ್ಮದಲ್ಲಿ ನನ್ನ ಹತ್ತಿರ ಏನನ್ನೂ ಕೇಳಿದವಳಲ್ಲ. ಅವತ್ತು ಕೇಳಿದಳು. ನಾನು, ‘ಸಂಜೆಯೊಳಗೆ ಬಂದ್ಬಿಡ್ತೀನಿ, ಬಿಸಿ ಚಾ ಕುಡಿದು ಮಲಕ್ಕೋ’ ಎಂದು ಮಕ್ಕಳಿಗೆ ಹೇಳುವ ಹಾಗೆ ಹೇಳಿ, ಶಾಲನ್ನು ಮೆಲ್ಲಗೆ ಬಿಡಿಸಿಕೊಂಡು ಹೊರಟೆ. ಅವಳು ಹಿಂದಿನಿಂದ ಎರಡು ಸಲ ಕೂಗಿದಳು, ‘ಇಂದ್ರಾ, ಇಂದ್ರಾ’ ಎಂದು. ನನಗೆ ಎರಡೂ ಸಲ ಸ್ಪಷ್ಟವಾಗಿ ಕೇಳಿಸಿತು. ತಿರುಗಿ ನೋಡಿದರೆ ಹೋಗಲು ಆಗುವುದಿಲ್ಲ ಎಂದು ಗೊತ್ತಿತ್ತು. ಮುಂದಿನವರು ಹೇಳುತ್ತಿದ್ದ ಭಜನೆಗೆ ದನಿ ಸೇರಿಸಿ, ಅವಳ ಕೂಗು ಮುಚ್ಚಿಹೋಗುವಷ್ಟು ಗಟ್ಟಿಯಾಗಿ ಹಾಡಿಕೊಂಡು ಹತ್ತಿದೆ.

ಬೆಟ್ಟದ ಮೇಲಿನದನ್ನು ಸುಳ್ಳು ಮಾಡಿ ಹೇಳಲಾರೆ. ನನಗೆ ಬಹಳ ಸಂತೋಷವಾಯಿತು. ತಿರುವು ದಾಟುತ್ತಿದ್ದ ಹಾಗೆ ಹಿಮದ ಶಿಖರ, ಅದರ ಬುಡದಲ್ಲಿ ಕಪ್ಪು ಕಲ್ಲಿನ ಗುಡಿ. ಕಣ್ಣಲ್ಲಿ ನೀರು ತಾನಾಗಿ ಬಂತು. ಗುಡಿಯಲ್ಲಿ ಪೂಜೆ ಮಾಡುವವರು ನಮ್ಮ ಕಡೆಯವರೇ. ಅಷ್ಟು ಎತ್ತರದಲ್ಲಿ, ಆ ಚಳಿಯಲ್ಲಿ, ‘ಯಾವೂರು ತಾಯಿ?’ ಎಂದು ಕನ್ನಡ ಕೇಳಿದಾಗ ನನಗೆ ತವರಿಗೆ ಬಂದ ಹಾಗಾಯಿತು. ‘ಇಷ್ಟು ದೂರ ಬಂದಿದ್ದೀರಿ, ನಾಳೆ ಬೆಳಗಿನ ಪೂಜೆ ನೋಡಿಕೊಂಡು ಹೋಗಿ’ ಎಂದರು. ಅವರಿಗೇನು ಗೊತ್ತು, ಅರ್ಧ ದಾರಿಯಲ್ಲಿ ನಾನು ಯಾರನ್ನು ಬಿಟ್ಟು ಬಂದಿದ್ದೇನೆಂದು? ಮೂರು ಗಂಟೆಗೆ ಮಳೆ ಹನಿಯಲು ಶುರುವಾಯಿತು. ಮೇಷ್ಟ್ರು ಮತ್ತು ಉಳಿದವರು ಕುದುರೆ ಮಾಡಿಕೊಂಡು ಇಳಿಯಲು ಹೊರಟರು. ನಾಲ್ಕು ಜನ ಉಳಿದೆವು. ನಾಲ್ಕನೆಯವಳು ನಾನು. ‘ರಾಮಬಾಡದಲ್ಲಿ ನರಸಮ್ಮ ಇದಾಳೆ, ಕರ್ಕೊಂಡು ಹೋಗಿ ಸಾರ್’ ಎಂದು ಮೇಷ್ಟ್ರಿಗೆ ಹೇಳಿ ನನ್ನ ಪಾಲಿನ ಕೆಲಸ ಮುಗಿಯಿತು ಎಂದುಕೊಂಡೆ. ಮಳೆ ಆಲಿಕಲ್ಲಾಯಿತಂತೆ. ಅವರೆಲ್ಲ ಪ್ಲಾಸ್ಟಿಕ್ ಹಾಳೆ ಮುಖದವರೆಗೂ ಎಳೆದುಕೊಂಡು ಕುದುರೆಯ ಮೇಲೆ ಆ ಅಂಗಡಿಸಾಲನ್ನು ದಾಟಿದರಂತೆ. ಅವಳನ್ನು ಮುಂದೆ ಹೋದವರು ಯಾರೋ ಕರೆದೊಯ್ದಿರಬೇಕು ಎಂದುಕೊಂಡರಂತೆ. ನಾನು ಅವರನ್ನು ದೂರುವುದಿಲ್ಲ. ಅವಳು ಅವರ ಗೆಳತಿಯಲ್ಲ.

ಮಾರನೆಯ ದಿನ ಪೂಜೆ ಮುಗಿಸಿಕೊಂಡು ಇಳಿದೆವು. ಹನ್ನೊಂದರ ಹೊತ್ತಿಗೆ ರಾಮಬಾಡಕ್ಕೆ ಬಂದಾಗ ಆ ಬೆಂಚು ಖಾಲಿಯಿತ್ತು. ಅಂಗಡಿಯಲ್ಲಿ ಬೇರೆ ಯಾರೋ ಗಂಡಸು ಪಕೋಡ ಕರಿಯುತ್ತಿದ್ದ. ನನ್ನ ಹರಕು ಹಿಂದಿಯಲ್ಲಿ ಏನೋ ಕೇಳಿದೆ, ಅವನು ತಲೆಯಾಡಿಸಿದ. ಅಷ್ಟೇ. ಮುಂದೆ ನಡೆದೆ. ಅವಳು ನಾಲ್ಕು ಅಂಗಡಿಯಾಚೆ ಒಂದು ಗುಡಿಸಿಲಿನ ಒಳಗೆ ಜ್ವರದಲ್ಲಿ ಬಿದ್ದಿದ್ದಳು. ಒಂದು ಸಲ ‘ನರಸೀ’ ಎಂದು ಕೂಗಿದ್ದರೆ ಸಾಕಿತ್ತು. ಕೂಗಲಿಲ್ಲ. ಕೂಗಿದರೆ ಜನ ನೋಡುತ್ತಾರೆಂಬ ಸಂಕೋಚವೋ, ಸಿಕ್ಕಿದರೆ ಅವಳ ಮುಖ ನೋಡಬೇಕಲ್ಲ ಎಂಬ ಹೆದರಿಕೆಯೋ, ಈಗಲೂ ನನಗೆ ಗೊತ್ತಿಲ್ಲ.

ಇನ್ನು ಮುಂದಿನದನ್ನು ಬರೆಯಲು ಕೈ ಬರುತ್ತಿಲ್ಲ. ಗೌರೀಕುಂಡದಲ್ಲಿ ನೆಲದಿಂದಲೇ ಬಿಸಿನೀರು ಉಕ್ಕುವ ಒಂದು ಕುಂಡವಿದೆ, ಹೆಂಗಸರಿಗೆ ಬೇರೆ ಮರೆ ಮಾಡಿದ್ದಾರೆ. ಎರಡು ಗಂಟೆಗೆ ಅಲ್ಲಿಗೆ ಬಂದಾಗ ನನ್ನ ಕಾಲು ಮರದ ತುಂಡಾಗಿತ್ತು. ಛತ್ರ ಅಲ್ಲಿಂದ ಐವತ್ತು ಹೆಜ್ಜೆ. ಮೊದಲು ಛತ್ರಕ್ಕೆ ಹೋಗಿ ಅವಳನ್ನು ನೋಡಬೇಕು ಎಂದು ಮನಸ್ಸು ಹೇಳಿತು. ಒಂದು ಮುಳುಗು ಹಾಕಿ ಹೋಗೋಣವೆಂದು ದೇಹ ಹೇಳಿತು. ಇಳಿದೆ. ಕುತ್ತಿಗೆಯವರೆಗೆ ಆ ನೀರು ಬಂದಾಗ, ಗಿರಿಜಾ, ಅಂಥ ಸುಖವನ್ನು ನಾನು ಈ ಐವತ್ತೆರಡು ವರ್ಷದಲ್ಲಿ ಕಂಡಿರಲಿಲ್ಲ. ಒಬ್ಬರಿಗೊಬ್ಬರು ಬೆನ್ನು ತಿಕ್ಕಿಕೊಂಡೆವು, ಕುದುರೆಯಿಂದ ಬಿದ್ದವರ ಕಥೆ ಹೇಳಿಕೊಂಡು ಬಿದ್ದು ಬಿದ್ದು ನಕ್ಕೆವು. ತಲೆಗೂ ಎರೆದುಕೊಂಡೆ. ಒಂದು ಗಂಟೆಗಿಂತ ಹೆಚ್ಚೇ ಕೂತಿದ್ದೆ. ಎದ್ದು ಬಂದು ಬಿಸಿ ಪೂರಿ ತಿಂದೆ. ಆಮೇಲೆ ಛತ್ರಕ್ಕೆ ಹೋದರೆ ನರಸಮ್ಮನ ಗಂಟು ನಾವು ಇಟ್ಟಲ್ಲೇ, ಇಟ್ಟ ಹಾಗೇ ಇತ್ತು. ಮೇಷ್ಟ್ರು ನನ್ನನ್ನು ನೋಡಿ, ‘ನರಸಮ್ಮ ಎಲ್ಲಿ? ನಿಮ್ ಜೊತೆ ಇಲ್ವೇನಮ್ಮಾ?’ ಎಂದರು.

ಅದೇ ಗಳಿಗೆಯಲ್ಲಿ ಕುದುರೆ ಹಿಡಿದು ಮೇಷ್ಟ್ರೂ ನಾನೂ ಮತ್ತೆ ಮೇಲಕ್ಕೆ ಹೋದೆವು. ಬೆಳಿಗ್ಗೆ ಕೂಗದಿದ್ದವಳು ದಾರಿಯುದ್ದಕ್ಕೂ ಅವಳ ಹೆಸರು ಹಿಡಿದು ಕೂಗಿದೆ. ರಾಮಬಾಡದಲ್ಲಿ ಬೆಟ್ಟದ ಸೀಮೆಯ ಒಬ್ಬ ಹೆಂಗಸು ನನ್ನ ಕೂಗು ಕೇಳಿ ಹೊರಗೆ ಬಂದು, ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದಳು. ಒಲೆಯ ಪಕ್ಕದಲ್ಲಿ ಕಂಬಳಿ ಸುತ್ತಿಕೊಂಡು ನರಸಮ್ಮ ಮಲಗಿದ್ದಳು. ಆ ಹೆಂಗಸು ಹೇಳಿದ್ದನ್ನು ಮೇಷ್ಟ್ರು ಕನ್ನಡದಲ್ಲಿ ಹೇಳಿದರು. ಹಿಂದಿನ ದಿನ ಮಧ್ಯಾಹ್ನ ಚೂರು ಸುಧಾರಿಸಿಕೊಂಡವಳೇ ಎದ್ದು ಹೋಗಿ ದಾರಿಯ ಪಕ್ಕದ ಕಲ್ಲಿನ ಮೇಲೆ ಕೂತಳಂತೆ. ಮಳೆ ಬಂದರೂ ಏಳಲಿಲ್ಲವಂತೆ, ಆಲಿಕಲ್ಲು ಬಿದ್ದರೂ ಏಳಲಿಲ್ಲವಂತೆ. ಕೈಹಿಡಿದು ಒಳಗೆ ಎಳೆದು ತಂದರೆ ಸ್ವಲ್ಪ ಹೊತ್ತಿಗೆ ಮತ್ತೆ ಹೋಗಿ ಕೂರುತ್ತಿದ್ದಳಂತೆ. ನಡೆದು ಇಳಿಯುವ ಒಬ್ಬೊಬ್ಬ ಹೆಂಗಸಿನ ಮುಖವನ್ನೂ ಬಗ್ಗಿ ನೋಡುತ್ತಿದ್ದಳಂತೆ. ಒಳಗೆ ಹೋದರೆ, ಆ ಜಾತ್ರೆಯಂಥ ಜನದ ನಡುವೆ ನಾನು ಅವಳನ್ನು ಹುಡುಕಲಾರದೆ ದಾಟಿ ಹೋಗಿಬಿಡುತ್ತೇನೆ ಎಂಬ ಭಯ ಅವಳಿಗೆ. ಅಂಗಡಿ ಮುಚ್ಚಿದ ಮೇಲೆ ಬಲವಂತವಾಗಿ ಒಳಗೆ ಮಲಗಿಸಿದರೆ, ಬೆಳಕು ಹರಿಯುವ ಮುಂಚೆ ಅದೇ ಒದ್ದೆ ಶೂಸು ಹಾಕಿಕೊಂಡು ಹೋಗಿ ಮತ್ತೆ ಅಲ್ಲೇ ಕೂತು, ಕೂತಲ್ಲೇ ಬಿದ್ದಿದ್ದಳಂತೆ.

ನನ್ನನ್ನು ಕಂಡವಳೇ, ‘ಬಂದ್ಯಾ? ನಿಂಗೇನೂ ಆಗಿಲ್ವಾ? ನೀನೆಲ್ಲೋ ಬಿದ್ದೋದೆ ಅಂದ್ಕಂಡಿದ್ದೆ ಕಣೇ’ ಎಂದು ನನ್ನ ತಲೆ ಸವರಿದಳು. ಸವರಿದ ಕೈ ನಿಂತಿತು. ‘ತಲೆ ಒದ್ದೆ ಅದೆ. ನೀರು ಹಾಕ್ಕಂಡ್ಯಾ?’ ಎಂದು ಕೇಳಿದಳು. ಅಣಕಿಸಲಿಲ್ಲ, ಶೀತವಾಗುತ್ತದೆ ಎಂಬ ಕಾಳಜಿಯಲ್ಲೇ ಕೇಳಿದಳು. ನಾನು ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ.

ಬೆನ್ನಿನ ಬುಟ್ಟಿಯಲ್ಲಿ ಜನರನ್ನು ಹೊರುವವರಿದ್ದಾರೆ, ಅವರಿಂದ ಅವಳನ್ನು ಇಳಿಸಿದೆವು. ಎದೆಗೆ ಕಫ ಕಟ್ಟಿತ್ತು. ಅವಳಿಗೆ ಸಕ್ಕರೆ ಕಾಯಿಲೆ ಇರುವುದು ಹರಿದ್ವಾರದ ಡಾಕ್ಟರು ಹೇಳಿದ ಮೇಲೆಯೇ ನಮಗೆಲ್ಲ ಗೊತ್ತಾದದ್ದು. ಉಳಿದವರು ಬದರಿಗೆ ಹೋದರು, ನಾನು ಅವಳ ಜೊತೆ ಹರಿದ್ವಾರದಲ್ಲಿ ಉಳಿದೆ. ಒದ್ದೆ ಶೂಸಿನಲ್ಲಿ ಕೊಳೆತ ಗಾಯ ಮಾತ್ರ ಮಾಯಲಿಲ್ಲ. ಊರಿಗೆ ಬಂದ ಐದನೆಯ ದಿನ ದೊಡ್ಡಾಸ್ಪತ್ರೆಯಲ್ಲಿ ಅವಳ ಬಲಗಾಲಿನ ಎರಡು ಬೆರಳು ತೆಗೆದರು. ಕೇಳಿ ಗಾಬರಿಯಾಗಬೇಡ, ಈಗ ಮನೆಯಲ್ಲಿದ್ದಾಳೆ, ಗೋಡೆ ಹಿಡಿದು ನಡೆಯುತ್ತಾಳೆ. ಆದರೆ ಹಸುಗಳಲ್ಲಿ ಒಂದನ್ನು ಚಿಕ್ಕಣ್ಣ ಮಾರಿಬಿಟ್ಟ.

ಇದಕ್ಕಿಂತ ದೊಡ್ಡ ನಾಚಿಕೆಗೇಡು ಊರಿಗೆ ಬಂದ ದಿನವೇ ಆಯಿತು. ಓಣಿಯವರೆಲ್ಲ ಸೇರಿ ನನ್ನನ್ನು ಮಣೆಯ ಮೇಲೆ ನಿಲ್ಲಿಸಿ ಕಾಲು ತೊಳೆದು ಹೂವಿನ ಹಾರ ಹಾಕಿದರು. ಹಿರಿಯರಾದ ರಾಮಕ್ಕನವರು ಕೂಡ ಬಗ್ಗಿ ನನ್ನ ಪಾದ ಮುಟ್ಟಿದರು. ಅದೇ ಹೊತ್ತಿಗೆ ಪಕ್ಕದ ಮನೆಯ ಮುಂದೆ ಚಿಕ್ಕಣ್ಣ ತನ್ನ ಅವ್ವನನ್ನು ಆಟೋದಿಂದ ಎತ್ತಿಕೊಂಡು ಒಳಗೆ ಹೋದ. ಹಾರ ತೆಗೆದಿಟ್ಟು ನಾನೂ ಹಿಂದೆಯೇ ಹೋದೆ. ಅವನು, ‘ಅವ್ವ ಒಬ್ಳೇ ಹೆಂಗ್ ಉಳ್ಕಂಡ್ಲು ಚಿಕ್ಕವ್ವ? ನೀವೆಲ್ಲಿದ್ರಿ?’ ಎಂದು ಕೇಳಿದ. ನಾನು ಬಾಯಿ ತೆರೆಯುವ ಮುಂಚೆ ಮಂಚದ ಮೇಲಿಂದ ಅವಳೇ, ‘ನಾನೇ ಹೋಗು ಅಂದೆ ಕಣ್ಲಾ. ಅವಳು ಹೋಗಾಕಿಲ್ಲ ಅಂತ ಕುಂತಿದ್ಲು, ನಾನೇ ಬೈದು ಕಳಿಸ್ದೆ’ ಎಂದಳು. ಅಲ್ಲವೆನ್ನಲು ನನಗೆ ಒಂದು ಕ್ಷಣ ಸಿಕ್ಕಿತ್ತು. ನಾನು ಅವಳ ಹೊದಿಕೆ ಸರಿಮಾಡುತ್ತಾ ನಿಂತೆ. ನಿನ್ನ ಅಪ್ಪನಿಗೂ ಇವತ್ತಿನವರೆಗೆ ಗೊತ್ತಿರುವುದು ಅಷ್ಟೇ. ನರಸಮ್ಮನದು ಎಂಥ ದೊಡ್ಡ ಮನಸ್ಸು ಎಂದು ಅವರು ಹೇಳಿದಾಗಲೆಲ್ಲ ನಾನು ಹೂಂಗುಟ್ಟುತ್ತೇನೆ.

ದಿನಾ ಎರಡು ಹೊತ್ತು ಅವಳಿಗೆ ಊಟ ತೆಗೆದುಕೊಂಡು ಹೋಗುತ್ತೇನೆ, ಗಾಯ ತೊಳೆದು ಬಟ್ಟೆ ಕಟ್ಟುತ್ತೇನೆ. ಅವಳು ಬೈದರೆ ಎಷ್ಟೋ ಹಗುರಾಗುತ್ತಿತ್ತು, ಬೈಯುವುದಿಲ್ಲ. ಮೊನ್ನೆ ನಾನೇ, ‘ಯಾಕೆ ಸುಳ್ಳು ಹೇಳ್ದೆ?’ ಎಂದು ಕೇಳಿದೆ. ‘ಚಿಕ್ಕಣ್ಣಂದು ಮುಂಗೋಪ. ನಿಜ ತಿಳಿದ್ರೆ ನಿನ್ನ ಹೊಸಿಲು ತುಳಿಯಾಕೆ ಬಿಡಾಕಿಲ್ಲ. ಆಮ್ಯಾಲೆ ನಂಗ್ಯಾರವ್ರೆ?’ ಎಂದಳು. ಹಾಗೆಂದವಳು ನನ್ನ ಕಡೆ ನೋಡದೆ, ‘ನಾನು ಕೂಗಿದ್ದು ನಿಂಗೆ ಕೇಳಿಸ್ತಾ ಇಂದ್ರಾ?’ ಎಂದಳು. ಗಿರಿಜಾ, ನಾನು ‘ಇಲ್ಲ’ ಎಂದೆ. ಅವಳು, ‘ಅದೇ ಅಂದ್ಕಂಡೆ. ಹೊಳೆ ಸದ್ದು ಜಾಸ್ತಿ ಇತ್ತು’ ಎಂದು ಕಾಲು ಚಾಚಿದಳು. ನಾನು ಬಟ್ಟೆ ಕಟ್ಟಿದೆ. ಮಗಳಿಗೆ ಇಂಥದ್ದನ್ನು ಬರೆಯಬಾರದು; ಆದರೆ ಅವಳ ಹಾಲು ಕುಡಿದವಳು ನೀನು, ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ?

ಪುಟ್ಟಿಯನ್ನು ಬಿಸಿಲಿನಲ್ಲಿ ಹೊರಗೆ ಬಿಡಬೇಡ. ಅಳಿಯಂದಿರಿಗೆ ನಮ್ಮಿಬ್ಬರ ಆಶೀರ್ವಾದ ತಿಳಿಸು. ನಿನ್ನ ಮನೆ ತಣ್ಣಗಿರಲಿ, ದೇವರು ಪುಟ್ಟಿಗೆ ಒಳ್ಳೆಯ ಆಯಸ್ಸು, ಒಳ್ಳೆಯ ಬುದ್ಧಿ ಕೊಡಲಿ ಎಂದು ಕೇಳಿಕೊಳ್ಳುತ್ತೇನೆ. ಕೇಳಿಕೊಳ್ಳಲು ನನಗೆಷ್ಟು ಯೋಗ್ಯತೆ ಉಳಿದಿದೆಯೋ ತಿಳಿಯದು.

ನಿನ್ನ ಅಮ್ಮ,
ಇಂದ್ರಮ್ಮ

ತಾ.ಕ. ಕಾಗದ ಮಡಿಸಿದ ಮೇಲೆ ಕೂರಲಾಗಲಿಲ್ಲ. ಸಂಜೆಯ ಊಟದ ಡಬ್ಬಿ ತೆಗೆದುಕೊಂಡು ಅವರ ಮನೆಗೆ ಹೋಗಿ ಈಗ ತಾನೇ ಬಂದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಚಿಕ್ಕಣ್ಣ ಬಾಗಿಲಲ್ಲೇ ಕೂತಿದ್ದ. ಅವನ ಎದುರಿಗೇ ಹೇಳಿದೆ: ‘ನೀನು ಹೋಗು ಅನ್ಲಿಲ್ಲ ನರಸೀ, ಬಿಟ್ಟೋಗ್ಬೇಡ ಅಂದೆ. ನೀನು ಕೂಗಿದ್ದು ನಂಗೆ ಎರಡು ಸಲಾನೂ ಕೇಳಿಸ್ತು.’ ಚಿಕ್ಕಣ್ಣ ಎದ್ದು, ಮುಚ್ಚಳ ಕೂಡ ತೆಗೆಯದ ಡಬ್ಬಿಯನ್ನು ತಂದು ನನ್ನ ಕೈಗಿಟ್ಟು ಹೊರಗೆ ಹೋದ. ಅವನು ನಿನಗೆ ಬರೆದರೂ ಬರೆಯಬಹುದು. ನನ್ನ ಪರ ವಹಿಸಿಕೊಂಡು ಉತ್ತರ ಕೊಡಬೇಡ. ನರಸಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಹೊಸಿಲು ದಾಟುವಾಗ, ತಿರುಗದೆಯೇ, ‘ನಾಳೆ ಬರಬ್ಯಾಡ’ ಎಂದಳು. ಅಂಗಳದವರೆಗೆ ಬಂದಿದ್ದೆ, ಒಳಗಿನಿಂದ ಮತ್ತೆ ದನಿ ಕೇಳಿತು: ‘ನಾಡಿದ್ದು ಬಾ.’ ನಾಳೆ ಸೋಮವಾರ, ಹೋಗುವುದಿಲ್ಲ. ಮಂಗಳವಾರ ಹೋಗುತ್ತೇನೆ.